ನಾಲ್ಕನೆಯ ಸೀಟಿ

ನಾನು ಒಂದು ಹೆಡ್‌ಫೋನ್. ಬರೀ ಹಾಡು ಕೇಳಿಸುವ ಜಾತಿಯದಲ್ಲ. ನನಗೆ ಮೈಕೂ ಇದೆ, ಬಾಗಿ ಬಾಯಿಯ ಮುಂದೆ ಬರುತ್ತದೆ. ಯಾವುದೋ ದೂರದ ಕಾರ್ಖಾನೆಯಲ್ಲಿ ಒಬ್ಬ ಹೆಣ್ಣುಮಗಳು ಆ ಮೈಕಿನಲ್ಲಿ ಏನೋ ಮಾತಾಡಿ, ಸರಿ ಇದೆ ಎಂದು ತಲೆಯಾಡಿಸಿ ನನ್ನನ್ನು ಡಬ್ಬಿಗೆ ಹಾಕಿದಳು. ಅದು ಯಾವ ಭಾಷೆಯೋ, ಗದಗಿನ ಭಾಷೆಯಂತೂ ಅಲ್ಲ.

ಡಬ್ಬಿ ಬಿಚ್ಚಿದ್ದು ಗದಗಿನ ಬಸ್ ಸ್ಟ್ಯಾಂಡ್ ಹಿಂದೆ, ದಾವಲಸಾಬನ ಗೇಮ್ ಸೆಂಟರಿನಲ್ಲಿ. ಎಂಟು ಕಂಪ್ಯೂಟರು, ಎಂಟು ಕುರ್ಚಿ, ಎಂಬತ್ತು ಜನರ ಗದ್ದಲ! ಕೌಂಟರಿನಲ್ಲಿ ಕೂರುತ್ತಿದ್ದವಳು ನೀಲಾಂಬಿಕಾ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವಳೇ ನನ್ನನ್ನು ತಲೆಗೇರಿಸಿ ಆಟಕ್ಕೆ ಕೂರುತ್ತಿದ್ದಳು. ನನ್ನಷ್ಟು ಅವಳ ದನಿ ಬಲ್ಲವರು ಯಾರೂ ಇಲ್ಲ, ಇದನ್ನು ಜಂಬದಿಂದಲೇ ಹೇಳುತ್ತೇನೆ.

ಅವಳ ಆಟ ಐದು ಜನ ಸೇರಿ ಕೋಟೆ ಕಾಯುವುದು. ಐವರದೂ ಐದು ಊರು, ಒಬ್ಬರ ಮುಖ ಒಬ್ಬರು ಕಂಡವರಲ್ಲ. ಆದರೂ ಕೋಟೆಯ ಬಾಗಿಲು ತೆರೆಯುವ ಮುಂಚೆ ಒಂದು ಪದ್ಧತಿ ಇತ್ತು. ‘ಊಟ ಆತೇನ್ರೀ?’ ಎಂದು ಒಬ್ಬರು ಕೇಳಬೇಕು, ಐವರೂ ಏನು ಉಂಡೆವೆಂದು ಹೇಳಬೇಕು. ಪಲ್ಯ ಯಾವುದು, ರೊಟ್ಟಿ ಬಿಸಿಯೋ ಒಣ ಕಟಕೋ, ಎಲ್ಲ ಬೇಕು. ಉಣ್ಣದವರಿದ್ದರೆ ಆಟವೇ ಇಲ್ಲ.

ಇದನ್ನು ಶುರು ಮಾಡಿದ್ದು ಬಾಗಲಕೋಟೆಯ ಒಬ್ಬ ಚಿತ್ರಕಲಾ ಮಾಸ್ತರರಿಗಾಗಿ. ಒಬ್ಬಂಟಿ ಮನುಷ್ಯ, ಸಕ್ಕರೆ ಕಾಯಿಲೆ. ಸಂಜೆ ಇನ್ಸುಲಿನ್ ಚುಚ್ಚಿಕೊಂಡು, ಕೆಳಗಿನ ಖಾನಾವಳಿಯಿಂದ ರೊಟ್ಟಿ ಪಲ್ಯ ತಂದಿಟ್ಟು, ಅನ್ನಕ್ಕೆ ಕುಕ್ಕರ್ ಇಟ್ಟು, ಆಟಕ್ಕೆ ಕೂತರೆ ಉಣ್ಣುವುದೇ ನೆನಪಾಗುತ್ತಿರಲಿಲ್ಲ. ಚುಚ್ಚಿಕೊಂಡು ಉಣ್ಣದಿದ್ದರೆ ಸಕ್ಕರೆ ಇಳಿದು ಮೂರ್ಛೆ ಬೀಳುವ ಭಯ. ಕುಕ್ಕರಿನ ಸೀಟಿ ನನ್ನ ಕಿವಿಯಲ್ಲೇ ಕೂಗುತ್ತಿತ್ತು. ಮೈಕ್ ಆರಿಸುವುದನ್ನು ಆ ಪುಣ್ಯಾತ್ಮ ಕಲಿಯಲೇ ಇಲ್ಲ.

‘ಮಾಸ್ತರ, ಮೂರು ಸೀಟಿ ಆದೂ. ಉಂಡು ಬರ್ರಿ, ಕ್ವಾಟಿ ಎಲ್ಲೂ ಓಡಿ ಹೋಗಂಗಿಲ್ಲ. ಕಾಯ್ತೇವಿ’ ಎಂದು ನೀಲಾ ಗದರುವಳು.

‘ಊಟ ಬಲ್ಲವಗ ರೋಗಿಲ್ಲ ಅಂತಾರ. ನನಗ ನೀವು ಬೈದರಷ್ಟ ಊಟ ನೋಡವಾ’ ಎಂದು ಮಾಸ್ತರರು ಏಳುವರು. ನಾಲ್ಕನೆಯ ಸೀಟಿ ಯಾವತ್ತೂ ಕೇಳಿದ್ದಿಲ್ಲ.

ಎಲ್ಲರ ಕೈಗೂ ಮೊಬೈಲ್ ಬಂತು, ದಾವಲಸಾಬನ ಸೆಂಟರಿಗೆ ಬೀಗ ಬಿತ್ತು. ಒಂದು ಕಂಪ್ಯೂಟರಿನ ಜೊತೆ ನನ್ನನ್ನೂ ನೀಲಾಳಿಗೆ ಕೊಡುತ್ತಾ, ‘ಒಯ್ರಿ ಅಕ್ಕಾರ, ಇದಕ್ಕ ನಿಮ್ಮ ದನಿನ ರೂಢಿ ಆಗೇತಿ’ ಎಂದ. ಅವಳು ಮನೆಯಲ್ಲೇ ಬ್ಲೌಸ್ ಹೊಲಿಯತೊಡಗಿದಳು. ನನ್ನ ಪಟ್ಟಿ ಹರಿದಾಗ ಯಾರದೋ ಮದುವೆ ಬ್ಲೌಸಿನ ಲೈನಿಂಗ್ ಬಟ್ಟೆಯಲ್ಲಿ ಹೊಲಿದಳು. ನೇರಳೆ ಬಣ್ಣ, ನನಗೇನೋ ಒಪ್ಪುತ್ತಿತ್ತು.

ಕೇಡುಗಾಲ ಬಂದದ್ದು ಆಮೇಲೆ. ಆಟದವರು ಹೊಸ ಗುಂಡಿಗಳನ್ನು ತಂದರು: ‘ಬೇಗ ಬಾ’, ‘ಭೇಷ್’, ಹೆಬ್ಬೆರಳಿನ ಒಂದು ಚಿತ್ರ. ಒತ್ತಿದರೆ ಮುಗಿಯಿತು, ಬಾಯಿ ಬಿಡಬೇಕಾಗಿಲ್ಲ. ಜೊತೆಗಾರರನ್ನೂ ಯಂತ್ರವೇ ಹುಡುಕಿ ಕೊಡತೊಡಗಿತು. ಹಳೆಯ ಐವರಲ್ಲಿ ಮೂವರು ಒಬ್ಬೊಬ್ಬರಾಗಿ ಕಳಚಿಕೊಂಡರು. ಬಂದ ಅಪರಿಚಿತರಲ್ಲಿ ಕೆಲವರು ಹೆಣ್ಣಿನ ದನಿ ಕೇಳಿದ್ದೇ ತಡ ಹೊಲಸು ಮಾತಾಡಿದರು. ನನಗೇ ಮೈ ಉರಿಯಿತು. ನೀಲಾ ನನ್ನ ಮೈಕ್ ಆರಿಸಿದಳು, ದನಿ ಸಣ್ಣಗೆ ಮಾಡಿ ನನ್ನನ್ನು ಕುತ್ತಿಗೆಗೆ ಇಳಿಸಿದಳು. ತಪ್ಪು ಅವಳದೆಂದು ಹೇಗೆ ಹೇಳಲಿ?

ಮಾಸ್ತರರು ಮಾತ್ರ ದಿನಾ ಅವಳ ಜೋಡಿಯಾಗಿಯೇ ಆಟಕ್ಕೆ ಸೇರುತ್ತಿದ್ದರು. ‘ಊಟ ಆತೇನು ತಂಗಿ?’ ಎಂದು ಗಟ್ಟಿಯಾಗಿ ಕೇಳುತ್ತಿದ್ದರು, ಅದಷ್ಟು ಅವಳ ಕಿವಿಗೂ ಮುಟ್ಟುತ್ತಿತ್ತು. ಅವಳು ಹೆಬ್ಬೆರಳಿನ ಚಿತ್ರ ಒತ್ತುತ್ತಿದ್ದಳು. ತಿರುಗಿ ಕೇಳುವ ಗುಂಡಿ ಇರಲಿಲ್ಲ. ಎಂಟು ತಿಂಗಳು ಹೀಗೇ ನಡೆಯಿತು. ಕೊನೆಗೆ ಅವರೂ ಕೇಳುವುದನ್ನು ಬಿಟ್ಟರು.

ಅವತ್ತು ಮಂಗಳವಾರ, ಸಂಜೆ ಏಳೂವರೆ. ಕೋಟೆಯಲ್ಲಿ ನೀಲಾ, ಮಾಸ್ತರರು, ಮೂವರು ಅಪರಿಚಿತರು. ಪಡುವಣ ಬಾಗಿಲಿಗೆ ಶತ್ರು ಬಂದ. ಅದನ್ನು ಕಾಯಬೇಕಾದ ಮಾಸ್ತರರ ಸಿಪಾಯಿ ಗೋಡೆಗೆ ಮುಖ ಮಾಡಿ ಸುಮ್ಮನೆ ನಿಂತಿದ್ದ. ‘ಬೇಗ ಬಾ’, ‘ಬೇಗ ಬಾ’ ಎಂದು ಮೂವರೂ ಗುಂಡಿ ಒತ್ತಿದರು. ನೀಲಾಳೂ ಒತ್ತಿದಳು.

ನನ್ನೊಳಗೆ ಸಣ್ಣಗೆ ಸೀಟಿ ಕೇಳುತ್ತಿತ್ತು. ನಾಲ್ಕು. ಐದು. ಆರು.

ಅಯ್ಯೋ ದೇವರೇ, ಕೂಗಲಿ ಹೇಗೆ? ಊರಿನವರ ಮಾತೆಲ್ಲ ಹೊತ್ತು ತಿರುಗುತ್ತೇನೆ, ನನ್ನದೆಂದು ಒಂದು ಮಾತಿಲ್ಲ. ಅವಳ ಕಿವಿಗೂ ನನಗೂ ಒಂದು ಗೇಣಿನ ಅಂತರ. ಆ ಗೇಣನ್ನು ದಾಟಲು ನನಗೆ ಕಾಲಿಲ್ಲ.

ಪರದೆಯ ಮೇಲೆ ಪ್ರಶ್ನೆ ಮೂಡಿತು: ಸುಮ್ಮನೆ ನಿಂತವನನ್ನು ಹೊರಗೆ ಹಾಕಬೇಕೇ? ನಾಲ್ಕು ಮತ ಬಿದ್ದರೆ ಆತ ಹೊರಗೆ, ಅವನ ದನಿಯ ತಂತೂ ಅಲ್ಲಿಗೆ ಕಡಿಯುತ್ತದೆ. ಮೂವತ್ತು ಸೆಕೆಂಡು ಗಡುವು. ಒಂದು ಮತ ಬಿತ್ತು, ಎರಡು, ಮೂರು. ಉಳಿದದ್ದು ನೀಲಾಳದು. ಅವಳ ಬೆರಳು ‘ಹಾಕು’ ಎಂಬಲ್ಲಿ ನಿಂತಿತ್ತು. ಏಳನೆಯ ಸೀಟಿ. ಇನ್ನು ಹತ್ತು ಸೆಕೆಂಡು. ಒತ್ತಬೇಡ ತಾಯಿ, ಒತ್ತಬೇಡ!

ಅವಳಿಗೆ ಸಿಟ್ಟು ಬಂತು. ಆ ಸಿಟ್ಟಿಗೆ ನಾನು ಇಂದಿಗೂ ಕೈಮುಗಿಯುತ್ತೇನೆ. ಹೊರಗೆ ಹಾಕುವ ಮುಂಚೆ ನಾಲ್ಕು ಮಾತು ಬೈಯದೆ ಬಿಡುವ ಹೆಣ್ಣಲ್ಲ ಅವಳು. ನನ್ನನ್ನು ಎಳೆದು ಕಿವಿಗಿಟ್ಟು, ಮೈಕ್ ಹಚ್ಚಿ, ‘ಮಾಸ್ತರ, ಎಲ್ಲಿ ಹಾಳಾಗಿ ಹೋಗೀರಿ?’ ಎಂದಳು.

ಎಂಟನೆಯ ಸೀಟಿ. ಅದರ ಕೆಳಗೆ ಗೊರಗೊರ ಉಸಿರು.

‘ಮಾಸ್ತರ? ಎಷ್ಟನೇ ಸೀಟಿರೀ ಅದು? ಮಾಸ್ತರ!’ ಅವಳ ಕೈ ಮೌಸಿನಿಂದ ಜಾರಿತು. ಗಡುವು ಮುಗಿಯಿತು, ಮತ ಬೀಳಲಿಲ್ಲ, ತಂತು ಉಳಿಯಿತು.

ಆದರೆ ಫೋನ್ ಮಾಡುವುದು ಯಾರಿಗೆ? ಹೆಸರು ಗೊತ್ತಿಲ್ಲ, ನಂಬರಿಲ್ಲ, ಓಣಿ ಗೊತ್ತಿಲ್ಲ. ಮೂರು ವರ್ಷದ ಗೆಳೆತನದಲ್ಲಿ ಅವಳಿಗೆ ಗೊತ್ತಿದ್ದದ್ದು ಅವರು ಉಂಡದ್ದು ಮಾತ್ರ. ಅದನ್ನೇ ಅವಳು ಬಾಯಿಬಿಟ್ಟು ನೆನೆಯತೊಡಗಿದಳು. ‘ಕೆಂಪು ಹಿಂಡಿ... ಪುಂಡಿ ಪಲ್ಯ... ಕೆಳಗ ಖಾನಾವಳಿ... ಗುರವ್ವ! ಗುರವ್ವನ ಖಾನಾವಳಿ!’ ಮೊಬೈಲಿನಲ್ಲಿ ಹುಡುಕಿದಳು. ಬಾಗಲಕೋಟೆಯಲ್ಲಿ ಆ ಹೆಸರಿನದು ಒಂದೇ ಇತ್ತು.

‘ಅಕ್ಕಾ, ನಿಮ್ಮ ಮ್ಯಾಲಿನ ಖೋಲ್ಯಾಗ ಚಿತ್ರದ ಮಾಸ್ತರ ಅದಾರಲ್ಲ, ಅವರು ಬಿದ್ದಾರ! ಸಕ್ಕರಿ ಇಳದೈತಿ ಕಾಣ್ತೈತಿ. ಲಗೂ ಹತ್ತಿ ಹೋಗ್ರಿ!’

ಹನ್ನೊಂದನೆಯ ಸೀಟಿಗೆ ನನ್ನ ಬಲಗಿವಿಯಲ್ಲಿ ಮೆಟ್ಟಿಲ ಸದ್ದು ಕೇಳಿತು. ಬಾಗಿಲು ಒದ್ದರು. ಕುಕ್ಕರ್ ಸುಮ್ಮನಾಯಿತು. ‘ಉಸಿರೈತಿ! ಗಾಡಿ ತರಸ್ರಿ!’ ಎಂದು ಒಬ್ಬ ಹೆಂಗಸು ಕೂಗಿದಳು. ನೀಲಾ ನನ್ನನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಅತ್ತಳು. ಅಷ್ಟರಲ್ಲಿ ನಮ್ಮ ಕೋಟೆ ಬಿದ್ದಿತ್ತು. ಮೂವರು ಅಪರಿಚಿತರು ಒಂದು ಬೈಗುಳದ ಚಿತ್ರ ಒತ್ತಿ ಹೋದರು.

ಮಾಸ್ತರರು ಎಂಟು ದಿನಕ್ಕೆ ಆಟಕ್ಕೆ ಮರಳಿ ಬಂದರು. ದನಿ ಸಣ್ಣಗಾಗಿತ್ತು.

‘ತಪ್ಪು ನಂದ ತಂಗಿ. ಸೀಟಿ ಆದಕೂಡ್ಲೆ ಏಳಬೇಕಿತ್ತು. ಯಾರರ ಬೈದ ಮ್ಯಾಲೆ ಏಳೂದು ರೂಢಿ ಆಗಿತ್ತಲ್ಲ. ಇಷ್ಟು ತಿಂಗಳು ಹ್ಯಾಂಗೋ ನಾನ ಎದ್ದು ಉಂಡೆ, ಅವತ್ತ ಬೈತೀರೇನೋ ಅಂತ ಕುಂತೆ.’

ನೀಲಾ ನನ್ನ ಮೈಕನ್ನು ಬಾಯಿಯ ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಕೇಳಿದಳು: ‘ಇವತ್ತ ಏನು ಉಂಡ್ರಿ?’

ಈಗ ನನಗೆ ವಯಸ್ಸಾಯಿತು. ಎಡಗಿವಿ ಸತ್ತಿದೆ, ಸ್ಪಂಜು ಉದುರಿದೆ. ಹೊಲಿಗೆ ಯಂತ್ರದ ಪಕ್ಕದ ಮೊಳೆಗೆ ತೂಗುಬಿದ್ದಿರುತ್ತೇನೆ. ಸಂಜೆ ಏಳಕ್ಕೆ ನೀಲಾ ಇಳಿಸಿಕೊಳ್ಳುತ್ತಾಳೆ. ಅವಳೂ ಮಾಸ್ತರರೂ ಇರುತ್ತಾರೆ, ಉಳಿದ ಮೂವರನ್ನು ಯಂತ್ರ ಕೊಡುತ್ತದೆ. ಅವರೆಲ್ಲರನ್ನೂ ಅವಳು ಕೇಳುತ್ತಾಳೆ, ‘ಊಟ ಆತೇನ್ರೀ?’ ಹೊಲಸು ಮಾತಾಡಿದವನನ್ನು ಮಾಸ್ತರರು ಮಾಸ್ತರರ ದನಿಯಲ್ಲೇ ಗದರಿಸುತ್ತಾರೆ. ಹೆಚ್ಚಿನವರು ಉತ್ತರಿಸುವುದಿಲ್ಲ. ಕೆಲವರು ಹೆಬ್ಬೆರಳು ಒತ್ತುತ್ತಾರೆ.

ನಿನ್ನೆ ಕೋಟೆಯ ಬಾಗಿಲು ತೆರೆಯುವ ಹೊತ್ತಿಗೆ ನನ್ನ ಬಲಗಿವಿಯಲ್ಲಿ ಟಕ್ ಎಂದು ಒಂದು ಮೈಕ್ ಹತ್ತಿದ ಸದ್ದಾಯಿತು. ಯಾರೋ ಗಂಟಲು ಸರಿಮಾಡಿಕೊಂಡರು. ಬಹಳ ದಿನ ಮಾತಾಡದವರ ಗಂಟಲು ಹಾಗಿರುತ್ತದೆ, ನನಗೆ ಗೊತ್ತು.

‘ಇಲ್ರೀ... ಇನ್ನಾ ಆಗಿಲ್ಲ.’

ನೀಲಾ ಮೌಸಿನಿಂದ ಕೈ ತೆಗೆದಳು. ‘ಉಂಡು ಬರ್ರಿ’ ಎಂದಳು, ‘ಕಾಯ್ತೇವಿ.’