ಗಾಳಿಯಲ್ಲಿ ಸೊಪ್ಪಿನ ವ್ಯಾಪಾರ

ನೇಪಲ್ಸಿನ ಅಂಚಿನ ಆ ಸಿಮೆಂಟ್ ಗೂಡಿನಲ್ಲಿ ಲಿಫ್ಟ್ ಸತ್ತು ಎಷ್ಟೋ ಕಾಲವಾಗಿತ್ತು. ಐದನೇ ಮಹಡಿಯ ಅಸುಂಟಿನಾ ಮುದುಕಿಯ ಮಂಡಿಗಳೂ ಅದರ ಹಿಂದೆಯೇ ಹೋದವು. ಮೇಲೆ ಸಕ್ಕರೆ ಕಾಯಿಲೆ ಬೇರೆ. ಸೊಪ್ಪು ತಿನ್ನದಿದ್ದರೆ ಕಾಲು ತೆಗೆಯಬೇಕಾದೀತು ಎಂದಿದ್ದರು ಡಾಕ್ಟರು. ಕೆಳಗಿದ್ದದ್ದು ಒಂದೇ ಅಂಗಡಿ, ಕೌನ್ಸಿಲರ್ ಭಾವಮೈದುನನದು. ಬಿಸ್ಕತ್ತು, ಕರಿದ ಆಲೂಗಡ್ಡೆ, ಬಣ್ಣದ ಸೋಡಾ. ಅಲ್ಲಿ ಹಸಿರಾಗಿದ್ದದ್ದು ಪಾತ್ರೆ ಸೋಪು ಮಾತ್ರ.

ಮುದುಕಿಯನ್ನು ಉಳಿಸಿದ್ದು ಬಿಯಾಜೊನ ಮೂರು ಚಕ್ರದ ತರಕಾರಿ ಗಾಡಿ. ಅವನು ಕೂಗಿದರೆ ಸಾಕು, ಬಾಲ್ಕನಿಗಳಿಂದ ಹಗ್ಗ ಕಟ್ಟಿದ ಬುಟ್ಟಿಗಳು ಜೇಡಗಳ ಹಾಗೆ ಇಳಿಯುತ್ತಿದ್ದವು. ಕಾಸು ಕೆಳಕ್ಕೆ, ಸೊಪ್ಪು ಮೇಲಕ್ಕೆ.

ಒಂದು ಬೆಳಿಗ್ಗೆ ಮುನ್ಸಿಪಾಲಿಟಿ ಇನ್‌ಸ್ಪೆಕ್ಟರ್ ಮೈಕು ಹಿಡಿದು ಬಂದ. ಜೊತೆಗೆ ಹಸಿರು ಹೂಕೋಸಿನ ವೇಷದವನೊಬ್ಬ.

"ತಾಯಂದಿರೇ, ದಿನಾ ತರಕಾರಿ ತಿನ್ನಿ," ಎಂದ ಇನ್‌ಸ್ಪೆಕ್ಟರ್. ಮೈಕು ಇಳಿಸಿ ಬಿಯಾಜೊ ಕಡೆ ತಿರುಗಿದ. "ಏಯ್, ಗಾಡಿ ತೆಗಿ. ಇವತ್ತಿಂದ ರಸ್ತೆ ಮೇಲೆ ವ್ಯಾಪಾರ ಇಲ್ಲ. ಅಂಗಡಿಯೋರಿಗೆ ಲಾಸು."

"ಮತ್ತೆ ಏನ್ ತಿನ್ಲಪ್ಪ, ಆ ಕೋಸನ್ನಾ?" ಮೇಲಿಂದ ಕೇಳಿದಳು ಅಸುಂಟಿನಾ.

"ನನ್ನ ತಿನ್ಬೇಡಜ್ಜಿ, ಒಳಗೆಲ್ಲ ಸ್ಪಂಜು," ಎಂದಿತು ಕೋಸು. "ಹಿಂದಿನ ಬ್ಲಾಕಿನ ತೊನಿನೊ ಕಣಜ್ಜಿ. ಕೂಲಿಗೆ ಬಂದಿದ್ದೀನಿ."

ಮುದುಕಿ ತನ್ನ ಬುಟ್ಟಿಯ ಹಗ್ಗವನ್ನು ಜಗ್ಗಿ ನೋಡಿದಳು. "ಸಾಹೇಬ್ರೆ, ರಸ್ತೆ ನಿಮ್ದು. ಗಾಳಿ ಯಾರ್ದು?"

ಇನ್‌ಸ್ಪೆಕ್ಟರ್ ಗಲ್ಲ ಕೆರೆದುಕೊಂಡ. "ಗಾಳಿಗೆ... ರೂಲಿಲ್ಲ."

"ಬಿಯಾಜೊ, ಗಾಡಿಗೆ ಹಗ್ಗ ಕಟ್ಟೋ."

ಬುಟ್ಟಿ ಹಗ್ಗ, ಬಟ್ಟೆ ಒಣಹಾಕುವ ಹಗ್ಗ, ಯಾರದೋ ಮದುವೆಯ ಶಾಲು, ಎಲ್ಲ ಕೆಳಗೆ ಬಂದವು. ಬಿಯಾಜೊ ಎಲ್ಲವನ್ನೂ ಗಾಡಿಗೆ ಬಿಗಿದು ಒಳಗೆ ಕೂತ. ಕಟ್ಟಡಕ್ಕೆ ಕಟ್ಟಡವೇ ಹಗ್ಗ ಜಗ್ಗಿತು. ಕೂಲಿ ಕೊಟ್ಟವನನ್ನೇ ತಳ್ಳಿ ಕೋಸೂ ಬಾಲ್ಕನಿ ಕಂಬಿ ಸುತ್ತಿ ಇಳಿದ ಒಂದು ಹಗ್ಗ ಹಿಡಿಯಿತು. ಗಾಡಿ ನರಳಿತು, ವಾಲಿತು, ಆಮೇಲೆ ತೊಟ್ಟಿಲಿನ ಹಾಗೆ ನೆಲಬಿಟ್ಟು ತೂಗಿತು.

ಅಸುಂಟಿನಾ ಗಾಡಿಯ ಹಗ್ಗವನ್ನು ಸೊಂಟಕ್ಕೆ ಸುತ್ತಿ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಬೇರೆ ದಾರ ಕಟ್ಟಿದ ಬುಟ್ಟಿ ಇಳಿಬಿಟ್ಟಳು. ಕಹಿ ಸೊಪ್ಪು ಘಮ್ಮೆಂದು ಮೇಲೆ ಬಂತು.

ಇನ್‌ಸ್ಪೆಕ್ಟರ್ ಸುಮ್ಮನಿರುವನೇ? ಚಕ್ರ ಎಲ್ಲಾದರೂ ನೆಲಕ್ಕೆ ತಾಗಿದೆಯೇ ನೋಡಲು ಬೋರಲು ಮಲಗಿ ಗಾಡಿಯಡಿಗೆ ತೆವಳಿದ.

"ಎಷ್ಟೊತ್ತು ಹಿಡ್ಕೊಂಡಿರ್ತೀರಿ?" ಅಡಿಯಿಂದಲೇ ಗದರಿದ. "ಕೈ ಸೋತ್ರೆ ಬಿಡ್ಲೇಬೇಕು."

"ಬಿಡ್ತೀವಿ ಸಾಹೇಬ್ರೆ," ಎಂದಳು ಮುದುಕಿ. "ನೀವು ಮಾತ್ರ ಅಲ್ಲೇ ಇರಿ."