ಬಸವನಿಗೆಂದು ತೆಗೆದ ತಡಿಕೆ

ಎಂಬತ್ತೆರಡನೇ ಇಸವಿಯ ಮಾತು. ನಿಟ್ಟೂರಿನ ಆಚೆ, ರೈಲು ಹಳಿಯಿಂದ ತುಸು ದೂರದಲ್ಲಿ ಒಂದು ಹಳ್ಳಿ. ಮಳೆ ಚೆನ್ನಾಗಿ ಬಿದ್ದ ವರ್ಷವೂ ಅಲ್ಲಿ ಬೇಸಿಗೆಗೆ ಮೇವಿರುತ್ತಿರಲಿಲ್ಲ. ಗೋಮಾಳವೇನೋ ದೊಡ್ಡದೇ ಇತ್ತು. ಆದರೆ ಹಸಿರು ಕಂಡ ಕೂಡಲೇ ಊರ ದನವೆಲ್ಲ ನುಗ್ಗಿ ಬುಡಮಟ್ಟ ಮೇಯ್ದುಬಿಡುತ್ತಿದ್ದವು. ಎಲ್ಲರದ್ದು ಅಂದರೆ ಯಾರದ್ದೂ ಅಲ್ಲ, ಅಷ್ಟೇ ತಾನೆ! ಹುಲ್ಲಿದ್ದ ಕಡೆಯಲ್ಲಿ ದನ ಮೂಸಿಯೂ ನೋಡದ ಕಾಂಗ್ರೆಸ್ ಗಿಡ ಎದ್ದಿತ್ತು.

ಆ ಊರಿನ ಚಿಕ್ಕರಂಗಯ್ಯ ಬೆಂಗಳೂರಿನಲ್ಲಿ ಪಶುವಿಜ್ಞಾನದ ಎಂ.ಎಸ್ಸಿ. ಓದುತ್ತಿದ್ದ. ಹುಲ್ಲುಗಾವಲು ಕಾಪಾಡುವುದು ಹೇಗೆ ಎಂಬುದೇ ಅವನ ಸಂಶೋಧನೆ. ಮುಂಗಾರಿಗೆ ಬಂದವನು ಊರವರನ್ನು ಒಪ್ಪಿಸಿ, ಗೋಮಾಳದ ಒಂದು ಮಗ್ಗುಲಿಗೆ ಜಾಲಿಮುಳ್ಳಿನ ಬೇಲಿ ಹಾಕಿಸಿದ. ಒಳಗೆ ಹೋಗುವ ದಾರಿಗೆ ಬಿದಿರಿನ ತಡಿಕೆ ಕಟ್ಟಿದ. ಅವನ ದೊಡ್ಡಪ್ಪ ಜುಂಜಪ್ಪನಿಗೆ ಮಾತ್ರ ಇದು ಸರಿಬರಲಿಲ್ಲ.

“ಏನ್ಲಾ ರಂಗ, ಹುಲ್ಲು ಬೆಳ್ಸೋದ್ನ ಕಲಿಯಕ್ಕೂ ಕಾಲೇಜಾ? ಮಳೆ ಬಿದ್ರೆ ತಾನಾಗೇ ಬತ್ತದೆ, ಬುಡು.”

“ಬತ್ತದೆ ದೊಡ್ಡಪ್ಪ. ಆದ್ರೆ ಅದು ಬೀಜ ಕಟ್ಟಕ್ಕೆ ನಾವು ಬುಡ್ತಾ ಇದೀವಾ? ತೆನೆ ಬರೋಕ್ ಮುಂಚೆನೇ ಮೇಯ್ಸಿಬುಟ್ರೆ ಮುಂದ್ಲ ವರ್ಷಕ್ಕೆ ಎಲ್ಲಿಂದ ಬಂದಾತು? ಬೀಜ ಉದುರೋಗಂಟ ಈ ಮಗ್ಗುಲು ಮುಚ್ಚಿರಣ. ಆಮೇಲೆ ಕೊಯ್ದು ಬೇಸಿಗೆಗೆ ಬಣವೆ ಹಾಕಣ. ಬರೋ ವರ್ಷ ಆ ಮಗ್ಗುಲು ಮುಚ್ಚಣ.”

“ನಮ್ ಊರ ಬಸವ? ದೇವ್ರಿಗೆ ಬುಟ್ಟಿರೋ ಗೂಳಿ ಕಣೋ ಅದು. ನಮ್ಮ ತಾತನ ಕಾಲದಿಂದ ಬಸವನ್ನ ಯಾರೂ ತಡೆದಿಲ್ಲ.”

“ಬಸವನ ಪಾಲಿಗೆ ಬದುವಿನ ಮೇಲಿನ ಹುಲ್ಲು ಕೊಯ್ದು ತಂದು ಹಾಕಣ ದೊಡ್ಡಪ್ಪ.”

“ದೇವರ ಬಸವ ಎಲ್ಲಿ ಮೇಯ್ಬೇಕು ಅಂತ ನೀನು ಯೋಳೀಯಾ?”

ದೊಡ್ಡವ್ವ ಹನುಮಕ್ಕ ನಡುವೆ ಬಾಯಿ ಹಾಕಿದಳು. “ಓದಿರೋ ಹುಡುಗ ಯೋಳ್ತಾವ್ನೆ, ಒಸಿ ಕೇಳಿಸ್ಕಳಿ.” ಜುಂಜಪ್ಪ ಟವೆಲ್ ಕೊಡವಿ ಎದ್ದು ಹೋದ.

ಚಿಕ್ಕರಂಗಯ್ಯ ಪರೀಕ್ಷೆಗೆಂದು ಬೆಂಗಳೂರಿಗೆ ಹೋದ. ಬೇಲಿಯೊಳಗೆ ಹುಲ್ಲು ಮೊಣಕಾಲುದ್ದ ಬೆಳೆದು ತೆನೆ ಹೊರಡುತ್ತಿತ್ತು. ಒಂದು ಬೆಳಿಗ್ಗೆ ಬಸವ ಬಂದು ತಡಿಕೆಗೆ ಕುತ್ತಿಗೆ ಉಜ್ಜುತ್ತ ನಿಂತಿತು. ಅದನ್ನು ಜುಂಜಪ್ಪ ಕಂಡ. ಒಂದು ಬಾಯಿ ಎಷ್ಟು ತಿಂದೀತು ಎಂದುಕೊಂಡ. ಕೈಮುಗಿದು ತಡಿಕೆ ತೆಗೆದ.

ಬಸವನ ಹಿಂದೆ ಜುಂಜಪ್ಪನ ಹಸುಗಳೇ ಮೊದಲು ಒಳಗೆ ಹೋದವು. ಆಮೇಲೆ ಇಡೀ ಊರಿನ ದನ. ಕೇಳಿದವರಿಗೆಲ್ಲ “ಬಸವನ ಹಿಂದೆ ಹೋದ್ವು, ನಾವೇನ್ ಮಾಡಣ?” ಎಂಬ ಉತ್ತರ ಸಿದ್ಧವಾಗಿತ್ತು. ದೇವರ ಹೆಸರು ಹೇಳಿದ ಮೇಲೆ ತಡೆಯುವವರು ಯಾರು?

ಪರೀಕ್ಷೆ ಮುಗಿಸಿ ಬಂದ ಚಿಕ್ಕರಂಗಯ್ಯ ಬೋಳು ನೆಲ ನೋಡಿ ಅಲ್ಲೇ ಕೂತುಬಿಟ್ಟ. ಅವನ ಓದಿನ ಒಂದು ವರ್ಷ ಮಣ್ಣುಪಾಲಾಗಿತ್ತು. “ಬೀಜ ಕಟ್ಟಕ್ಕೆ ಇನ್ನೊಸಿ ದಿನ ಸಾಕಿತ್ತು ದೊಡ್ಡಪ್ಪ” ಎಂದನೇ ಹೊರತು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎಂದು ಜುಂಜಪ್ಪನಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿತು.

ಬೇಸಿಗೆ ಬಂತು. ಇದ್ದಬದ್ದ ರಾಗಿಹುಲ್ಲು ಉಳುವ ಎತ್ತುಗಳಿಗೇ ಸಾಲಲಿಲ್ಲ. ಜನ ಹಸುಗಳನ್ನು ಸಂತೆಗೆ ಹೊಡೆದರು. ಬಸವನನ್ನು ಮಾರುವಂತಿಲ್ಲ, ದೇವರದ್ದು. ಅವರು ಮೇವು ಹಾಕುತ್ತಾರೆ ಎಂದು ಇವರು, ಇವರು ಹಾಕುತ್ತಾರೆ ಎಂದು ಅವರು ಸುಮ್ಮನಿದ್ದರು. ಹನುಮಕ್ಕ ಕಲಗಚ್ಚು ಇಡುತ್ತಿದ್ದಳು, ಅಷ್ಟೇ. ಬಸವ ದಿನಾ ಹೋಗಿ ತಡಿಕೆ ಇದ್ದ ಜಾಗದಲ್ಲಿ ನಿಲ್ಲುತ್ತಿತ್ತು. ಒಂದು ದಿನ ಅಲ್ಲೇ ಮಲಗಿತು.

ಚಿಕ್ಕರಂಗಯ್ಯ ಗುಬ್ಬಿಯಿಂದ ಹಸಿಹುಲ್ಲಿನ ಹೊರೆ ತಂದ. ಬಸವ ಮೂಸಿತು, ಅಗಿಯಲು ಶಕ್ತಿಯಿರಲಿಲ್ಲ. ಸಂಜೆಯೊಳಗೆ ಪ್ರಾಣ ಹೋಯಿತು.

“ಬಸವನ್ನ ಬೇಲಿ ಆಚೆ ನಿಲ್ಸಿದ್ರೆ ಪಾಪ ಅಂದ್ಕಂಡೆ ಕಣೋ ರಂಗ. ಅವನ ಬೇಸ್ಗೆ ಮೇವ್ನ ನಾನೇ ಹಾಳ್ಮಾಡ್ದೆ” ಎಂದು ಜುಂಜಪ್ಪ ಅತ್ತ.

ಮುಂದಿನ ಮುಂಗಾರಿಗೆ ಜುಂಜಪ್ಪನೇ ಮುಳ್ಳು ಹೊತ್ತು ತಂದು ಬೇಲಿ ಕಟ್ಟಿದ. ಬೀಜವೇ ಉದುರದ ನೆಲ. ಹುಲ್ಲು ತೆಳ್ಳಗೆ ಬಂತು. ಆದರೂ ಬೀಜ ಉದುರುವ ತನಕ ಒಂದು ಕರುವನ್ನೂ ಒಳಗೆ ಬಿಡಲಿಲ್ಲ. ಕೊಯ್ದ ಮೊದಲ ಹೊರೆಯನ್ನು ಬಸವನನ್ನು ಮಣ್ಣು ಮಾಡಿದ ಜಾಗದಲ್ಲಿ ಇಳಿಸಿ ನಿಂತ. ತಿನ್ನಲು ಬಸವ ಇರಲಿಲ್ಲ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮೂರಲ್ಲೂ ಗೋಮಾಳ ಇದೆಯಲ್ಲ? ಈ ಮಳೆಗಾಲ ಊರವರು ಸೇರಿ ಒಂದು ಮಗ್ಗುಲು ಮುಚ್ಚಿ. ಬೀಜ ಉದುರುವವರೆಗೆ ಯಾರ ದನಕ್ಕೂ ತಡಿಕೆ ತೆಗೆಯಬೇಡಿ, ದೇವರ ಬಸವನಿಗೂ ಬೇಡ. ಬಸವ ಬಂದರೆ ಬೇಲಿಯ ಹೊರಗೇ ಕೈಮುಗಿದು, ಬದುವಿನ ಹುಲ್ಲು ಕೊಯ್ದು ಕೈಯಾರೆ ತಿನ್ನಿಸಿ. ಬೇಸಿಗೆಯಲ್ಲೂ ಅದು ನಿಮ್ಮ ಬಾಗಿಲಿಗೆ ಬರಬೇಕಲ್ಲವೇ?