ಕೋಲಿನ ತುದಿಗೆ ಸಿಕ್ಕ ಸಿಗ್ನಲ್

ಗಣತಿಯವಳಿಗೆ ರೋಸಿ ಹೋಗಿತ್ತು. ಯಾರ ಮನೆಯಲ್ಲಿ ಇಂಟರ್‌ನೆಟ್ ಸಿಗುತ್ತದೆ, ಯಾರ ಮನೆಯಲ್ಲಿ ಸಿಗುವುದಿಲ್ಲ ಎಂದು ಕೇಳಿ ಗುರುತು ಹಾಕಿಕೊಳ್ಳುವುದು ಅವಳ ಕೆಲಸ. ಆದರೆ ಕಚೇರಿ ಕೊಟ್ಟ ಟ್ಯಾಬಿನದು ಒಂದೇ ಹಟ: ಉತ್ತರ ಆಯಾ ಮನೆಯಿಂದಲೇ ಹೋಗಬೇಕು. ದಿಬ್ಬದ ಮೇಲೆ ನಿಂತು ಕಳಿಸಿದರೆ ಕಳ್ಳ ಲೆಕ್ಕವೆಂದು ತಳ್ಳಿಹಾಕುತ್ತದೆ. ದಿಬ್ಬದ ಕೆಳಗಿನ ಈ ಬೀದಿಯಲ್ಲೋ, ಸಿಗ್ನಲ್ ಹೆಸರಿಗೂ ಇಲ್ಲ.

"ಸಿಗ್ನಲ್ ಇಲ್ಲ ಅಂತ ಹೇಳೋಕೂ ಸಿಗ್ನಲ್ಲೇ ಬೇಕಾ?" ಹೊಲಿಗೆ ಮಿಷನ್ ತುಳಿಯುತ್ತಲೇ ಕೇಳಿದಳು, ಬೀದಿಯ ಮೊದಲ ಮನೆಯ ದರ್ಜಿ ಹೆಂಗಸು.

"ಬೇಕಂತೆ ಕಣಕ್ಕಾ. ನನ್ನ ತಲೆ ತಿನ್ಬೇಡಿ, ಬೆಳಿಗ್ಗೇನೇ ನಮ್ಮ ಕಚೇರಿ ಸಾಹೇಬ್ರು ತಿಂದು ಮುಗಿಸಿದಾರೆ. ಆ ಬೀದಿ ಬಿಟ್ಟು ಸಿಗ್ನಲ್ ಇರೋ ಬೀದಿ ನೋಡ್ಕೊ ಅಂತಾರೆ."

ದರ್ಜಿಯ ಕಾಲು ನಿಂತಿತು. "ಬಿಡೋದಾ? ಗಿರಾಕಿಗಳು ಫೋನಿಗೆ ಬಟ್ಟೆ ಫೋಟೋ ಕಳಿಸ್ತಾರೆ. ನಾನು ದಿಬ್ಬ ಹತ್ತಿ ನೋಡೋ ಹೊತ್ತಿಗೆ ಕೆಲಸ ಬೇರೆಯವರ ಪಾಲು. ಇಲ್ಲ ಅಂತ ನೀನು ಮುಟ್ಟಿಸಿದ್ರೆ ತಾನೇ ಟವರ್ ಹಾಕೋರಿಗೆ ಗೊತ್ತಾಗೋದು? ಬಿಡ್ಬೇಡ ತಾಯಿ."

ಅಷ್ಟರಲ್ಲಿ ದರ್ಜಿಯ ಅತ್ತೆ ಜೇಡರ ಬಲೆ ತೆಗೆಯುವ ಉದ್ದನೆಯ ಕೋಲು ಹಿಡಿದು ಬಂದರು. "ಮಾತು ಸಾಕು, ತಾರಸಿಗೆ ನಡೀರಿ. ಮೇಲಿರೋದನ್ನ ಮೇಲಿಂದಾನೇ ಕೀಳೋಣ."

ಅಳತೆ ಟೇಪಿನಿಂದ ಟ್ಯಾಬನ್ನು ಕೋಲಿಗೆ ಬಿಗಿದು, ಕಳಿಸುವ ಗುಂಡಿ ಒತ್ತಿ, ಎತ್ತಿ ಹಿಡಿದರು. ಊಹೂಂ. ಗಣತಿಯವಳು ನೀರಿನ ತೊಟ್ಟಿಯ ಮೇಲೆ ಹತ್ತಿ ಎತ್ತಿದಳು. ರಟ್ಟೆ ಬಿದ್ದುಹೋದದ್ದೇ ಲಾಭ.

"ಎಡಕ್ಕೆ ವಾಲಿಸೇ! ಹುಟ್ಟಿದಾಗಿನಿಂದ ಒಂದು ಬಲೆ ಹೊಡ್ದಿಲ್ವಾ ನೀನು?" ಅತ್ತೆ ಕೋಲು ಕಿತ್ತುಕೊಂಡು ವಾಲಿಸಿದ್ದೇ ತಡ, ಟ್ಯಾಬು ಟಿಣ್ ಎಂದಿತು.

"ಹೋಯ್ತು!" ದರ್ಜಿ ಕುಣಿದೇಬಿಟ್ಟಳು. "ಇನ್ನು ಟವರ್ ಬಂದ ಹಾಗೇ."

ಗಣತಿಯವಳು ಹಗುರಾಗಿ ದಿಬ್ಬ ಹತ್ತಿದಳೋ ಇಲ್ಲವೋ, ಫೋನು ಬಡಿದುಕೊಂಡಿತು. ಸಾಹೇಬರು.

"ಭೇಷ್ ಕಣಮ್ಮ! ಒಂದೇ ತಪ್ಪು. ಆ ಮನೇಲಿ ಸಿಗ್ನಲ್ ಇಲ್ಲ ಅಂತ ಹಾಕಿದೀಯ. ಇಲ್ದೆ ಅಲ್ಲಿಂದ ಹೇಗೆ ಬಂತು? ನಾನೇ 'ಇದೆ' ಅಂತ ತಿದ್ದಿದೀನಿ."

"ಸಾರ್, ಅದು ಕೋಲು... ಅವರ ಅತ್ತೆ ಎಡಕ್ಕೆ..."

"ಯಾವ ಅತ್ತೆ, ಯಾವ ಕೋಲು? ಇಡೀ ಬೀದಿ ಹೀಗೇ ಮುಗ್ಸು."

ಗಣತಿಯವಳು ಹಲ್ಲು ಕಡಿದು ಕೆಳಗೆ ನೋಡಿದಳು. ತಾರಸಿಯ ಮೇಲೆ ಅತ್ತೆ, ಕೋಲು ಎಷ್ಟು ವಾಲಿಸಬೇಕೆಂದು ಅಕ್ಕಪಕ್ಕದವರಿಗೆಲ್ಲ ತೋರಿಸಿಕೊಡುತ್ತಿದ್ದರು. ಆಗಲೇ ಮನೆಮನೆಯ ಕೋಲುಗಳೂ ಮೇಲೆದ್ದಿದ್ದವು.

"ಬೇಡ ಅಮ್ಮಾ! ಇಳಿಸಿ!" ಎರಡೂ ಕೈ ಬೀಸುತ್ತ ಗಂಟಲು ಹರಿಯುವಂತೆ ಕೂಗಿದಳು.

ಇವಳು ಇನ್ನೂ ಮೇಲೆತ್ತಲು ಹೇಳುತ್ತಿದ್ದಾಳೆಂದುಕೊಂಡು ಎಲ್ಲರೂ ಕೋಲುಗಳನ್ನು ಇನ್ನಷ್ಟು ಎತ್ತಿ ಆಡಿಸಿದರು.